ಶಾಲು ಕೊಳ್ಳುವ ಮುನ್ನ

(ಸಂಘದ ಮಹಿಳಾ ಮಂಡಲಿಯ ಕೂಟದಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಸೋದರಿಯರೇ, ಮತ್ತು ಹಿಂದಿನ ಸಾಲಿನಲ್ಲಿ ಕುಳಿತು ‘ಇದೇನಿದ್ದರೂ ಹೆಂಗಸರ ವಿಷಯ’ ಎಂದು ಮುಗುಳ್ನಗುತ್ತಿರುವ ಮಹನೀಯರೇ,

ದೆಹಲಿಯಲ್ಲಿ ರಾಜ್ಯೋತ್ಸವವೂ ಚಳಿಯೂ ಒಂದೇ ತಿಂಗಳಿನಲ್ಲಿ ಕಾಲಿಡುತ್ತವೆ. ಅತ್ತ ಸಂಘದ ವೇದಿಕೆಯ ಮೇಲೆ ಗಣ್ಯರಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಡುವ ಸಂಭ್ರಮ. ಇತ್ತ ಮನೆಮನೆಯಲ್ಲಿಯೂ ಟ್ರಂಕಿನ ತಳದಿಂದ ಶಾಲುಗಳನ್ನು ತೆಗೆದು ಬಿಸಿಲಿಗೆ ಹರಡುವ ಸಡಗರ. ನಮ್ಮ ನಾಡಿನಲ್ಲಿ ಶಾಲೆಂದರೆ ಮುಖ್ಯವಾಗಿ ಗೌರವದ ವಸ್ತು. ಚಳಿಗೆ ಬೇಕಾಗುವುದು ಅಪರೂಪ. ಇಲ್ಲಿಗೆ ಬಂದ ಮೇಲೆಯೇ ಅದು ಹೊದೆಯುವ ವಸ್ತುವೂ ಹೌದೆಂಬುದು ನಮಗೆ ಮನದಟ್ಟಾದುದು.

ಊರಿನಿಂದ ನೆಂಟರು ಬರುತ್ತಾರೆ. ನಾಲ್ಕು ದಿನ ನಮ್ಮಲ್ಲಿದ್ದು, ಕುಲ್ಲು ಮನಾಲಿಯೋ ಶ್ರೀನಗರವೋ ನೋಡಿಕೊಂಡು, ಹಿಂದಿರುಗುವಾಗ ಕಂಕುಳಲ್ಲಿ ಒಂದು ಪೊಟ್ಟಣ ಹಿಡಿದು ತರುತ್ತಾರೆ. ಪೊಟ್ಟಣ ಬಿಚ್ಚಿದೊಡನೆ ಕೇಳುವ ಪ್ರಶ್ನೆ ಒಂದೇ: ‘ಅಕ್ಕಾ, ಇದು ನಿಜವಾದ ಪಶ್ಮೀನಾನೇ ತಾನೇ?’ ಕೊಂಡಾದ ಮೇಲೆ ಕೇಳುವ ಈ ಪ್ರಶ್ನೆಯನ್ನು ಕೊಳ್ಳುವುದಕ್ಕೆ ಮೊದಲೇ ಕೇಳಿಕೊಳ್ಳಲು ನೆರವಾಗಲೆಂದು ನಾನು ಈ ದಿನ ತಮ್ಮ ಮುಂದೆ ನಿಂತಿದ್ದೇನೆ. ನಾನು ನೇಕಾರಳಲ್ಲ, ವ್ಯಾಪಾರಿಯೂ ಅಲ್ಲ. ಮಗ್ಗಗಳ ಬಳಿ ಕುಳಿತು ನೋಡುವ, ಕೇಳುವ ಚಪಲವಿರುವವಳು, ಅಷ್ಟೇ.

ಮೊದಲು ಕುಲ್ಲುವಿನ ಮಾತು. ಅಲ್ಲಿಯ ಶಾಲಿಗೂ ನಮ್ಮ ಬೆಂಗಳೂರಿಗೂ ಒಂದು ಸ್ವಾರಸ್ಯವಾದ ನಂಟುಂಟು. ಹಿಂದೆ ಕುಲ್ಲು ಕಣಿವೆಯ ಜನ ತಮ್ಮ ಮನೆಯ ಕುರಿಯ ಉಣ್ಣೆಯಿಂದ ‘ಪಟ್ಟು’ ಎಂಬ ಸಾದಾ ಬಟ್ಟೆಯನ್ನು ತಮಗಾಗಿಯೇ ನೇಯ್ದುಕೊಳ್ಳುತ್ತಿದ್ದರು. 1940ರ ದಶಕದ ಆರಂಭದಲ್ಲಿ ಚಿತ್ರನಟಿ ದೇವಿಕಾ ರಾಣಿ ಆ ಕಣಿವೆಗೆ ಹೋಗಿದ್ದಾಗ, ಪೇಟೆಯವರು ಹೊದೆಯುವ ಅಳತೆಯಲ್ಲಿ ಒಂದು ಶಾಲು ನೇಯ್ದುಕೊಡುವಂತೆ ಅಲ್ಲಿಯ ನೇಕಾರನೊಬ್ಬನನ್ನು ಕೇಳಿದರೆಂದೂ, ಮಾರಾಟದ ಶಾಲಿಗೆ ಅದೇ ಮೊದಲಾಯಿತೆಂದೂ ಅಲ್ಲಿಯವರು ಹೇಳುತ್ತಾರೆ. ಅದೇ ಕಣಿವೆಯ ನಗ್ಗರ್‌ನಲ್ಲಿ ಮನೆ ಮಾಡಿದ್ದ ರೋರಿಕ್ ಕುಟುಂಬದ ಚಿತ್ರಕಾರ ಸ್ವೆತೋಸ್ಲಾವ್ ಅವರನ್ನು ಆಕೆ 1945ರಲ್ಲಿ ಮದುವೆಯಾದರು. ಮುಂದೆ ಆ ದಂಪತಿಗಳು ಕನಕಪುರ ರಸ್ತೆಯ ತಾತಗುಣಿಯ ತೋಟದಲ್ಲಿ ಬಾಳಿದುದನ್ನು ತಮ್ಮಲ್ಲಿ ಹಿರಿಯರು ಬಲ್ಲರು.

ಕುಲ್ಲು ಶಾಲಿನ ಅಂದವಿರುವುದು ಅಂಚಿನಲ್ಲಿ. ಬೂದು, ಕಂದು, ಬಿಳಿ, ಹೀಗೆ ಒಂದೇ ಬಣ್ಣದ ಮೈ. ಎರಡು ತುದಿಗಳಲ್ಲಿ ಚೌಕ, ತ್ರಿಕೋನ, ಮೆಟ್ಟಿಲುಗಳಂತೆ ಏರಿಳಿಯುವ ಬಣ್ಣದ ಪಟ್ಟಿ. ಈ ಪಟ್ಟಿಯ ಕೆಲಸ ಬಶಹರ್, ಕಿನ್ನೌರ್ ಕಡೆಯ ನೇಕಾರರಿಂದ ಬಂದದ್ದು. ಅಲ್ಲಿಯ ನೇಕಾರರು 1944ರಲ್ಲಿ ಕಟ್ಟಿಕೊಂಡ ಭುಟ್ಟಿ ನೇಕಾರರ ಸಹಕಾರ ಸಂಘ ಈಗಲೂ ನಡೆಯುತ್ತಿದೆ. ಭುಂತರ್‌ನಿಂದ ಕುಲ್ಲುವಿಗೆ ಹೋಗುವ ದಾರಿಯಲ್ಲಿ ಶಂಶಿಯ ಬಳಿ ಅದರ ಕಾರ್ಖಾನೆಯಿದೆ, ಅಂಗಡಿಯೂ ಉಂಟು. ಬೆಲೆ ಚೀಟಿಯಲ್ಲಿರುತ್ತದೆ, ಚೌಕಾಸಿಯಿಲ್ಲ. ಪ್ರವಾಸಿಗೆ ಅರ್ಧ ತಲೆನೋವು ಅಲ್ಲಿಯೇ ಇಳಿಯಿತು.

ಆದರೆ ಅದೇ ರಸ್ತೆಯ ಉದ್ದಕ್ಕೂ ‘ಕಾರ್ಖಾನೆ ಬೆಲೆ’ ಎಂಬ ಹಲಗೆ ಹೊತ್ತ ಅಂಗಡಿಗಳ ಸಾಲಿದೆ. ಟ್ಯಾಕ್ಸಿಯವನು ತಾನಾಗಿಯೇ ಒಂದರ ಮುಂದೆ ಗಾಡಿ ನಿಲ್ಲಿಸಿ ‘ಐದೇ ನಿಮಿಷ ಅಮ್ಮಾ’ ಎಂದರೆ, ಆ ಐದು ನಿಮಿಷಕ್ಕೆ ಅಂಗಡಿಯವನು ಅವನಿಗೆ ಕೊಡುವ ಹಣ ತಮ್ಮ ರಸೀತಿಯೊಳಗೆ ಸೇರಿರುತ್ತದೆಂದು ತಿಳಿಯಿರಿ. ಅಂತಹ ಕಡೆ ತೋರಿಸುವ ಶಾಲುಗಳಲ್ಲಿ ಹಲವು ಲೂಧಿಯಾನದ ಯಂತ್ರದ ಮಗ್ಗದಲ್ಲಿ ಹುಟ್ಟಿದವು. ಯಂತ್ರದ ಶಾಲು ಕೆಟ್ಟದ್ದೆಂದು ನಾನು ಹೇಳಲಾರೆ. ಬೆಚ್ಚಗಿರುತ್ತದೆ, ಅಗ್ಗವಾಗಿಯೂ ಇರುತ್ತದೆ. ಅದನ್ನು ಕೈಮಗ್ಗದ್ದೆಂದು ಹೇಳಿ ಕೈಮಗ್ಗದ ಬೆಲೆ ಕೇಳುವುದಕ್ಕೆ ನನ್ನ ಆಕ್ಷೇಪ. ಅಂಚಿನ ಪಟ್ಟಿಯನ್ನು ತಿರುವಿ ಹಿಂಭಾಗ ನೋಡಿರಿ. ಕೈಯಿಂದ ಹೆಣೆದು ನೇಯ್ದುದಾದರೆ ಬಣ್ಣದ ಎಳೆ ತನ್ನ ಚೌಕದೊಳಗೇ ಸುತ್ತಿ ಬಂದಿರುತ್ತದೆ. ಯಂತ್ರದ್ದಾದರೆ ಬೇಡದ ಎಳೆಗಳು ಹಿಂದೆ ಸಡಿಲವಾಗಿ ಹಾದುಹೋಗಿರುತ್ತವೆ, ಇಲ್ಲವೇ ಅವುಗಳನ್ನು ಕತ್ತರಿಸಿದ ಮೊಟಕು ತುದಿಗಳು ಸಾಲಾಗಿ ಕಾಣುತ್ತವೆ.

ಇನ್ನು ಕಾಶ್ಮೀರ. ಇಲ್ಲಿ ಸ್ವಲ್ಪ ನಿಂತು ಮಾತನಾಡಬೇಕು. ಮೋಸ ಹೆಚ್ಚಿರುವುದೂ ಇಲ್ಲಿಯೇ, ಮೋಸದಿಂದ ಕೆಡುವ ಬಾಳು ಹೆಚ್ಚಿರುವುದೂ ಇಲ್ಲಿಯೇ.

ಪಶ್ಮೀನಾ ಕುರಿಯ ಉಣ್ಣೆಯಲ್ಲ, ಮೇಕೆಯದು. ಲಡಾಖಿನ ಚಾಂಗ್‌ಥಾಂಗ್ ಎಂಬ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 14,000 ಅಡಿಗೂ ಮೇಲಿದೆ. ಅಲ್ಲಿ ಚಾಂಗ್‌ಪಾ ಎಂಬ ಅಲೆಮಾರಿ ಜನ ಸಾಕುವ ಮೇಕೆಗಳಿಗೆ ಆ ಭಯಂಕರ ಚಳಿಯನ್ನು ತಡೆಯಲು ಹೊರಗೂದಲಿನ ಕೆಳಗೆ ಇನ್ನೊಂದು ನವಿರಾದ ತುಪ್ಪುಳು ಬೆಳೆಯುತ್ತದೆ. ಚಳಿ ಇಳಿಯುತ್ತಲೂ ಅದು ತಾನೇ ಸಡಿಲವಾಗುತ್ತದೆ. ಅದನ್ನು ಬಾಚಿ ತೆಗೆಯುತ್ತಾರೆ. ಎಳೆಯ ದಪ್ಪ 12ರಿಂದ 16 ಮೈಕ್ರಾನ್, ಎಂದರೆ ನಮ್ಮ ತಲೆಗೂದಲಿನ ಸುಮಾರು ಐದರಲ್ಲಿ ಒಂದು ಪಾಲು. ಈ ತುಪ್ಪುಳು ಶ್ರೀನಗರಕ್ಕೆ ಬಂದು, ಅಲ್ಲಿ ಹೆಂಗಸರ ಕೈ ಸೇರುತ್ತದೆ. ಮನೆಗೆಲಸ ಮುಗಿಸಿ, ‘ಯೆಂದರ್’ ಎಂಬ ರಾಟೆಯ ಮುಂದೆ ಕುಳಿತು ಅವರು ಎಳೆ ತೆಗೆಯುತ್ತಾರೆ. ಇಷ್ಟು ನಯವಾದ ನಾರು ಯಂತ್ರದ ಸೆಳೆತವನ್ನು ತಾಳದು, ಕೈಯೇ ಬೇಕು. ಆ ಕೈಗೆ ಸಿಗುತ್ತಿದ್ದುದೇನು? ಹತ್ತು ಎಳೆಗಳ ಒಂದು ಗಂಟಿಗೆ 1 ರೂಪಾಯಿಯಂತೆ ಬಹುಕಾಲ ಲೆಕ್ಕ ನಡೆಯಿತು. ಒಂದು ಶಾಲಿಗೆ ಸಾವಿರಾರು ರೂಪಾಯಿ ಕೊಟ್ಟು ಬರುವ ನಾವು ಈ ಒಂದು ರೂಪಾಯಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನೂಲಾದ ಮೇಲೆ ಕೈಮಗ್ಗ, ಮಗ್ಗದ ಮೇಲೆ ಕಸೂತಿ. ಸಣ್ಣ ಸೂಜಿಯ ಕೆಲಸಕ್ಕೆ ಸೋಜ್ನಿ ಎಂದು ಹೆಸರು. ಒಂದು ಶಾಲಿನ ಮೈತುಂಬ ಮಾಡಲು ತಿಂಗಳುಗಳೇ ಹಿಡಿಯುತ್ತವೆ. ಕಾನಿ ಶಾಲಿನ ರೀತಿ ಬೇರೆ. ಅಲ್ಲಿ ಹೂವು ಬಳ್ಳಿಗಳನ್ನು ಹೊಲಿಯುವುದಿಲ್ಲ, ನೇಯುತ್ತಾರೆ. ಲಾಳಿಗೆ ಬದಲಾಗಿ ಬಣ್ಣಬಣ್ಣದ ನೂಲು ಸುತ್ತಿದ ಪುಟ್ಟ ಮರದ ಕಡ್ಡಿಗಳನ್ನು ಒಂದೊಂದಾಗಿ ಹಾಯಿಸುತ್ತಾ ಹೋಗಬೇಕು. ಯಾವ ಬಣ್ಣ, ಎಷ್ಟು ಎಳೆ ಎಂಬುದೆಲ್ಲ ‘ತಾಲೀಮ್’ ಎಂಬ ಕಾಗದದ ಮೇಲೆ ಗುರುತುಗಳಲ್ಲಿ ಬರೆದಿರುತ್ತದೆ. ಸಂಗೀತಗಾರ ಸ್ವರಲಿಪಿ ನೋಡಿ ನುಡಿಸುವಂತೆ ನೇಕಾರ ಅದನ್ನು ನೋಡಿ ನೇಯುತ್ತಾನೆ. ದಿನವೆಲ್ಲ ಕುಳಿತರೂ ಬಟ್ಟೆ ಬೆಳೆಯುವುದು ಬೆರಳಗಲ. ಒಳ್ಳೆಯ ಕಾನಿ ಶಾಲಿಗೆ ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಆದುದರಿಂದ ದೋಣಿಮನೆಯ ಬಾಗಿಲಿಗೆ ಬಂದವನು ಎರಡು ಸಾವಿರಕ್ಕೆ ‘ಕೈಮಗ್ಗದ ಕಾನಿ’ ಕೊಡುತ್ತೇನೆಂದರೆ, ಆ ಹಣದಲ್ಲಿ ಒಂದು ವರ್ಷದ ಕೂಲಿ ಹೇಗೆ ಅಡಗೀತೆಂದು ಕೇಳಿಕೊಂಡರೆ ಸಾಕು. ಬೇರೆ ಪರೀಕ್ಷೆ ಬೇಡ. ಅದು ಅಮೃತಸರದ ಯಂತ್ರದ ಮಗ್ಗದ್ದೇ ಆಗಿರಬೇಕು. (ಅಮೃತಸರಕ್ಕೆ ಈ ವಿದ್ಯೆ ಹೋದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕ್ಷಾಮಕ್ಕೆ ಸಿಕ್ಕಿ ಗುಳೆ ಬಂದ ಕಾಶ್ಮೀರದ ನೇಕಾರರಿಂದಲೇ ಎಂಬುದು ವಿಧಿಯ ವಿನೋದ.)

ಈ ಕಸುಬಿನ ಕಥೆಯಲ್ಲಿ ಕಣ್ಣೀರು ಹೊಸದಲ್ಲ. ಹಿಂದೆ ಯೂರೋಪಿನ ಸಿರಿವಂತರು ಈ ಶಾಲುಗಳಿಗೆ ಮುಗಿಬೀಳುತ್ತಿದ್ದ ಕಾಲದಲ್ಲಿಯೂ ಅರಸರ ತೆರಿಗೆಯ ಭಾರದಿಂದ ನೇಕಾರ ಬಡವನಾಗಿಯೇ ಇದ್ದ. 1865ರ ಏಪ್ರಿಲ್ 29ರಂದು ಶ್ರೀನಗರದ ಜಾಲ್‌ಡಗರ್‌ನಲ್ಲಿ ಆ ತೆರಿಗೆಯ ವಿರುದ್ಧ ಕೂಗೆತ್ತಿದ ಶಾಲು ನೇಕಾರರ ಮೇಲೆ ಸೈನಿಕರು ಬಿದ್ದಾಗ 28 ಮಂದಿ ಪ್ರಾಣ ಕಳೆದುಕೊಂಡರು. 1870ರ ಯುದ್ಧದಲ್ಲಿ ಫ್ರಾನ್ಸ್ ಸೋತೊಡನೆ ಅಲ್ಲಿಯ ಗಿರಾಕಿಯೂ ಹೋಯಿತು. ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ಮಗ್ಗಗಳು ಆ ವೇಳೆಗಾಗಲೇ ನಕಲನ್ನು ರಾಶಿ ಹಾಕಿ, ನಾವು ಮಾವಿನಕಾಯಿ ಎನ್ನುವ ವಿನ್ಯಾಸಕ್ಕೆ ತಮ್ಮ ಊರಿನ ಹೆಸರನ್ನೇ ಕಟ್ಟಿಬಿಟ್ಟಿದ್ದವು. ನಮ್ಮ ಅಜ್ಜಿಯರ ರೇಷ್ಮೆ ಸೀರೆಯ ಸೆರಗಿನಲ್ಲಿದ್ದುದನ್ನು ಮೊಮ್ಮಕ್ಕಳು ಪೈಸ್ಲಿ ಎನ್ನುವುದನ್ನು ಕೇಳಿದಾಗ ನನಗೆ ನಗುವೂ ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ಪರೀಕ್ಷೆಯ ಮಾತಿಗೆ ಬರೋಣ. ಉಂಗುರದೊಳಗೆ ಶಾಲನ್ನು ಎಳೆದು ತೋರಿಸುವ ಚಮತ್ಕಾರವನ್ನು ತಾವೆಲ್ಲ ಕಂಡಿದ್ದೀರಿ. ತೆಳ್ಳಗಿನ ಯಾವ ಬಟ್ಟೆಯಾದರೂ, ರೇಯಾನ್ ಕೂಡ, ಉಂಗುರದೊಳಗೆ ನುಸುಳುತ್ತದೆ. ಅದು ಜಾತ್ರೆಯ ಆಟ, ಅಷ್ಟೆ. ಕುಚ್ಚಿನ ಒಂದು ಎಳೆ ಕಿತ್ತು ಸುಡುವುದು ಅದಕ್ಕಿಂತ ಮೇಲು: ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಪುಡಿಪುಡಿಯಾದರೆ ಪ್ರಾಣಿಯ ನಾರು, ಕಾಗದದಂತೆ ಉರಿದರೆ ರೇಯಾನ್, ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಜಾತಿಯದು. ಆದರೆ ಕುರಿಯ ಉಣ್ಣೆಯೂ ಅದೇ ವಾಸನೆ ಬೀರುವುದರಿಂದ, ಸುಟ್ಟು ನೋಡಿ ಪಶ್ಮೀನಾ ಎಂದು ತೀರ್ಮಾನಿಸಲಾಗದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಕೈಯಿಂದ ನೂತ ಎಳೆ ಒಂದೆಡೆ ಸಣ್ಣ, ಒಂದೆಡೆ ಕೊಂಚ ದಪ್ಪ. ನೇಯ್ಗೆಯೂ ಅಲ್ಲಲ್ಲಿ ವಾರೆ. ಅಚ್ಚುಕಟ್ಟಾಗಿ, ಗೆರೆ ಎಳೆದಂತೆ ಸಮನಾಗಿದ್ದರೆ ಸಂಶಯಪಡಿರಿ. ಪಶ್ಮೀನಾ ಕನ್ನಡಿಯಂತೆ ಮಿರುಗುವುದೂ ಇಲ್ಲ. ಮಿರುಗಿದರೆ ರೇಷ್ಮೆಯೋ ರೇಯಾನೋ ಬೆರೆತಿದೆ. ‘ಸೆಮಿ ಪಶ್ಮೀನಾ’ ಎಂದು ಒಂದು ಮಾತು ಹುಟ್ಟಿಕೊಂಡಿದೆ. ಅದಕ್ಕೆ ಖಚಿತವಾದ ಅರ್ಥವೇ ಇಲ್ಲ.

ಇನ್ನೊಂದು ಉಪಾಯವನ್ನೂ ತಿಳಿದಿರಬೇಕು. ಪಶ್ಮೀನಾ ನಾರಿಗೆ ನೈಲಾನ್ ಬೆರೆಸಿ ಗಟ್ಟಿಮಾಡಿ, ಯಂತ್ರದಲ್ಲಿ ನೂತು ನೇಯ್ದು, ಆಮೇಲೆ ಆಮ್ಲದಲ್ಲಿ ಅದ್ದಿ ನೈಲಾನನ್ನು ಕರಗಿಸುವ ಪದ್ಧತಿಯುಂಟು. ನಾರು ನಿಜವಾದದ್ದೇ, ಆದರೆ ಆಮ್ಲ ತಿಂದ ಶಾಲಿನ ಆಯುಸ್ಸು ಕಡಿಮೆ, ಮತ್ತು ರಾಟೆಯ ಮುಂದಿನ ಆ ಹೆಂಗಸಿಗೆ ಒಂದು ಗಂಟಿನ ಕೂಲಿಯೂ ದಕ್ಕಲಿಲ್ಲ. ನಮ್ಮ ಪರಿಚಯದ ಒಂದು ಕುಟುಂಬ ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಬೀಗರಿಗೆ ಉಡುಗೊರೆಯಾಗಿ ಇಂತಹ ಜೋಡಿ ಶಾಲು ತಂದಿತು. ಎರಡನೆಯ ಚಳಿಗಾಲಕ್ಕೆ ಅದು ಮಡಿಕೆಯಲ್ಲಿ ಬಿರಿಯಿತು. ಬೀಗರು ಏನೂ ಅನ್ನಲಿಲ್ಲ. ಆದರೂ ಆ ತಾಯಿಗಾದ ನಾಚಿಕೆಯನ್ನು ನಾನು ಕಣ್ಣಾರೆ ಕಂಡೆ.

ಇದಕ್ಕೆಲ್ಲ ಮದ್ದೆಂದು ಈಗ ಒಂದು ಗುರುತು ಬಂದಿದೆ. 2008ರಲ್ಲಿ ಕಾಶ್ಮೀರದ ಪಶ್ಮೀನಾಕ್ಕೂ ಕಾನಿ ಶಾಲಿಗೂ ಭೌಗೋಳಿಕ ಗುರುತಿನ ನೋಂದಣಿಯಾಯಿತು. ನಾರು 16 ಮೈಕ್ರಾನಿಗಿಂತ ನಯವಾಗಿದ್ದು, ಕೈಯಿಂದಲೇ ನೂತು, ಕೈಯಿಂದಲೇ ನೇಯ್ದುದೆಂದು ಶ್ರೀನಗರದ ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ಶಾಲಿಗೆ ಸಂಖ್ಯೆಯುಳ್ಳ ಚೀಟಿ ಅಂಟಿಸುತ್ತಾರೆ. ಹೆಚ್ಚಿನ ಹಣ ಕೊಡುವುದಾದರೆ ಚೀಟಿಯನ್ನು ಕೇಳಿರಿ, ರಸೀತಿಯಲ್ಲಿ ‘ಪಶ್ಮೀನಾ, ಕೈನೂಲು, ಕೈಮಗ್ಗ’ ಎಂದು ಬರೆಸಿರಿ. ಬರೆಯಲು ಹಿಂಜರಿದವನಿಂದ ಕೊಳ್ಳಬೇಡಿರಿ. ಪ್ರವಾಸದ ಮೊದಲು ನಮ್ಮ ಬಾಬಾ ಖರಕ್ ಸಿಂಗ್ ಮಾರ್ಗದಲ್ಲಿರುವ ರಾಜ್ಯ ಸರಕಾರಗಳ ಮಳಿಗೆಗಳಿಗೆ ಒಮ್ಮೆ ಹೋಗಿ, ಒಳ್ಳೆಯ ಮಾಲನ್ನು ಕೈಯಲ್ಲಿ ಮುಟ್ಟಿ, ಬೆಲೆ ನೋಡಿಕೊಂಡು ಬಂದರೆ ಇನ್ನೂ ಒಳಿತು. ನೋಡುವುದಕ್ಕೆ ಕಾಸು ಕೊಡಬೇಕಾಗಿಲ್ಲ. ಕೈಗೆ ಒಮ್ಮೆ ರೂಢಿಯಾದರೆ ಬಾಯಿಮಾತಿಗೆ ಮರುಳಾಗುವುದಿಲ್ಲ.

ಶಾಹ್‌ತೂಶ್ ಎಂಬ ಹೆಸರನ್ನು ಯಾರಾದರೂ ಪಿಸುಮಾತಿನಲ್ಲಿ ಹೇಳಿದರೆ ಎದ್ದು ಬನ್ನಿರಿ. ಟಿಬೆಟ್ ಕಡೆಯ ಚಿರು ಎಂಬ ಚಿಗರೆಜಾತಿಯ ಕಾಡುಮೃಗವನ್ನು ಕೊಂದೇ ಆ ತುಪ್ಪುಳನ್ನು ತೆಗೆಯಬೇಕು. ಒಂದು ಶಾಲಿಗೆ ಮೂರರಿಂದ ಐದು ಪ್ರಾಣಿಗಳು. ಪೊದೆಗೆ ಸಿಕ್ಕಿದ ಕೂದಲನ್ನು ಆಯ್ದು ತರುತ್ತಾರೆಂಬುದು ಕಟ್ಟುಕಥೆ. 1979ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ. ಜಮ್ಮು ಕಾಶ್ಮೀರದಲ್ಲಿಯೂ 2002ರಲ್ಲಿ ಕಾನೂನು ಬಿಗಿಯಾಯಿತು. ಕೊಂಡವರೂ ಅಪರಾಧಿಗಳೇ.

ಕಚ್ಛಿಗೆ ಹೋಗುವವರು ಭುಜ್ ಸಮೀಪದ ಭುಜೋಡಿ ಗ್ರಾಮವನ್ನು ತಪ್ಪಿಸಿಕೊಳ್ಳಬೇಡಿರಿ. ವಣಕರ ನೇಕಾರರು ರಬಾರಿ ಕುರಿಗಾಹಿಗಳ ಉಣ್ಣೆಯಿಂದ ಹೊದಿಕೆ ನೇಯ್ದು ಅವರಿಗೇ ಕೊಡುತ್ತಿದ್ದ ಹಳೆಯ ಕೊಡುಕೊಳ್ಳುವಿಕೆಯಿಂದ ಅಲ್ಲಿಯ ಶಾಲು ಹುಟ್ಟಿತು. 2001ರ ಭೂಕಂಪ ಆ ಸೀಮೆಯನ್ನೆಲ್ಲ ನೆಲಸಮ ಮಾಡಿದ ಮೇಲೂ ಮಗ್ಗಗಳು ಮತ್ತೆ ಎದ್ದುವು. ಅಲ್ಲಿ ನೇಯ್ದವನ ಮನೆಯ ಜಗಲಿಯಲ್ಲಿಯೇ ಕುಳಿತು ಕೊಳ್ಳಬಹುದು. ಆ ಜಗಲಿಯಲ್ಲಿ ನನಗೆ ನೆನಪಾದುದು ನಮ್ಮ ಚಿತ್ರದುರ್ಗ, ಚಳ್ಳಕೆರೆ ಕಡೆಯ ಕಂಬಳಿ. ಕುರುಬರು ತಮ್ಮ ಕುರಿಯ ಕರಿಯ ಉಣ್ಣೆಯನ್ನು ನೂತು, ಹುಣಿಸೆಬೀಜದ ಗಂಜಿ ಹಾಕಿ, ಗುಣಿಮಗ್ಗದಲ್ಲಿ ನೇಯುವ ಕಂಬಳಿ ಮಳೆಗೂ ಆಗುತ್ತದೆ, ಚಳಿಗೂ ಆಗುತ್ತದೆ, ಗದ್ದಿಗೆಗೂ ಆಗುತ್ತದೆ. ದೂರದ ಮಗ್ಗಗಳನ್ನು ಹುಡುಕಿಕೊಂಡು ಹೋಗುವ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಒಂದು ಕಂಬಳಿ ಇದೆಯೋ ಎಣಿಸಿ ನೋಡಿದರೆ ಚೆನ್ನ.

ಪ್ರಯಾಣವನ್ನೇ ಮಾಡದವರಿಗೂ ಒಂದು ದಾರಿಯಿದೆ. ಇನ್ನೇನು, ಬೆನ್ನಮೇಲೆ ಗಂಟು ಹೊತ್ತ ಕಾಶ್ಮೀರಿ ವ್ಯಾಪಾರಿ ನಮ್ಮ ಬೀದಿಗಳಿಗೆ ಬರುವ ಕಾಲ. ಚಳಿಗಾಲದಲ್ಲಿ ಅವನ ಊರಿನಲ್ಲಿ ಕೆಲಸವಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಮೂರು ನಾಲ್ಕು ತಿಂಗಳು ಇಲ್ಲಿ ಬಾಡಿಗೆ ಕೋಣೆಯಲ್ಲಿ ಕಳೆಯುತ್ತಾನೆ. ಪರಸ್ಥಳದ ಬಾಳು ಎಂತಹುದೆಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಅವನ ಗಂಟಿನಲ್ಲಿ ಯಂತ್ರದ್ದೂ ಇರುತ್ತದೆ, ಕೈಯದೂ ಇರುತ್ತದೆ. ವರ್ಷವೂ ಅದೇ ಬೀದಿಗೆ ಬರುವವನು ತನ್ನ ಮಾತನ್ನು ಕಾಯ್ದುಕೊಳ್ಳಲೇಬೇಕು. ಬಾಗಿಲು ಮುಚ್ಚಿಕೊಳ್ಳುವ ಮೊದಲು ‘ಯಾವುದು ಯಂತ್ರದ್ದು, ಯಾವುದು ಕೈಯದು, ಬೇರೆಬೇರೆ ಇಡಪ್ಪಾ’ ಎಂದು ಕೇಳಿ ನೋಡಿರಿ. ನಾನು ಹಾಗೆ ಕೇಳಿದಾಗ ಎರಡು ರಾಶಿ ಮಾಡಿ ತೋರಿಸಿದವರೇ ಹೆಚ್ಚು.

ಕೊಂಡ ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿರಿ; ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಹಾಕಿಡಿ. ಮೂರು ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹರವಿ, ಮಡಿಕೆ ಬದಲಿಸಿರಿ. ನುಸಿಗೆ ಕತ್ತಲೂ ಎಣ್ಣೆಜಿಡ್ಡೂ ಬಲು ಇಷ್ಟ, ಆದುದರಿಂದ ಕೊಬ್ಬರಿ ಎಣ್ಣೆಯ ತಲೆಗೆ ಪಶ್ಮೀನಾ ಸುತ್ತಿಕೊಳ್ಳುವುದು ಬೇಡ.

ಕೆಲವು ಸೋದರಿಯರು ನನ್ನ ಕೋರಿಕೆಯಂತೆ ತಮ್ಮ ಮನೆಯ ಶಾಲುಗಳನ್ನು ತಂದಿದ್ದಾರೆ. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಅವುಗಳನ್ನು ಈ ಮೇಜಿನ ಮೇಲೆ ಹರಡಿ, ಕಿಟಕಿಯ ಬೆಳಕಿಗೆ ಒಂದೊಂದಾಗಿ ಹಿಡಿದು ನೋಡೋಣ.