ಹಿತ್ತಿಲಿನಲ್ಲೊಂದು ಕೆಲಸದ ಮನೆ

ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರ ಹಿತ್ತಿಲಿನಲ್ಲಿ ಒಂದು ಕರಿಬೇವಿನ ಗಿಡ, ಬಟ್ಟೆ ಒಣಗಿಸುವ ತಂತಿ ಮತ್ತು ಕಾಲು ಮುರಿದ ಒಂದು ಕುರ್ಚಿ ಇದ್ದೇ ಇರುವುವು. ಆ ಕುರ್ಚಿಯು ವರ್ಷಗಟ್ಟಲೆ ಅಲ್ಲಿಯೇ ಬಿದ್ದಿರುವುದಕ್ಕೆ ಬಡಗಿಗಳ ಅಭಾವವು ಕಾರಣವಲ್ಲ. ಅದರ ಕಾಲನ್ನು ನಾವೇ ಜೋಡಿಸಬಹುದೆಂಬ ಯೋಚನೆ ನಮಗೆ ಬಾರದಿರುವುದೇ ಕಾರಣ. ಓದುಬರಹ ಬಲ್ಲವನು ಉಳಿಯನ್ನು ಹಿಡಿಯಬಾರದೆಂದು ಯಾರೂ ವಿಧಿಸಿಲ್ಲ. ಆದರೂ ನಾವು ಹಿಡಿಯುವುದಿಲ್ಲ. ಹಿಡಿಯಲು ಮನಸ್ಸು ಮಾಡಿದವರಿಗೆ ಬೇಕಾಗುವ ಚಿಕ್ಕ ಕೆಲಸದ ಮನೆಯೊಂದನ್ನು ಸ್ವಂತ ಕೈಯಿಂದ ಕಟ್ಟಿಕೊಳ್ಳುವ ಬಗೆ ಹೇಗೆಂಬುದೇ ಇಂದಿನ ಭಾಷಣದ ವಿಷಯ.

ಮೊದಲು ಅಳತೆ. ಒಳಗೆ ೧೨ ಅಡಿ ಉದ್ದ, ೧೦ ಅಡಿ ಅಗಲವಿದ್ದರೆ ಮರಗೆಲಸಕ್ಕೆ ಸಾಕು. ಬಾಗಿಲಿಗೆ ಎದುರಾಗಿ ಒಂದು ಕಿಟಕಿಯಿರಲಿ. ಉದ್ದವಾದ ಹಲಗೆಯನ್ನು ಕೊಯ್ಯುವಾಗ ಅದರ ತುದಿಯು ಹೊರಕ್ಕೆ ಚಾಚಲು ಅನುಕೂಲವಾಗುವುದು. ಗುದ್ದಲಿಯನ್ನೆತ್ತುವ ಮೊದಲು ಪುರಸಭೆಯವರ ನಿಯಮವೇನೆಂದು ವಿಚಾರಿಸತಕ್ಕದ್ದು. ಗಡಿಯಿಂದ ಬಿಡಬೇಕಾದ ಅಂತರವನ್ನು ನೆರೆಯವರೊಡನೆ ಜಗಳವಾದ ಮೇಲೆ ತಿಳಿಯುವುದು ಜಾಣತನವಲ್ಲ.

ಪಾಯವನ್ನು ಗಟ್ಟಿ ನೆಲ ಸಿಕ್ಕುವವರೆಗೂ ತೋಡಬೇಕು. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಇಂಥ ಚಿಕ್ಕ ಕಟ್ಟಡಕ್ಕೆ ಸಾಧಾರಣವಾಗಿ ೨ ಅಡಿ ಆಳ ಸಾಕಾಗುವುದು. ಎರೆಮಣ್ಣಿನ ಸ್ಥಿತಿಯೇ ಬೇರೆ. ಅದು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅಲ್ಲಿ ತಿಳಿದವರ ಸಲಹೆಯಿಲ್ಲದೆ ಕೈಹಾಕಬಾರದು. ಮೂಲೆಗಳು ನೇರವಾಗಿರಬೇಕಾದರೆ ಒಂದು ಮೂಲೆಯ ಗೂಟದಿಂದ ಒಂದು ದಾರದ ಮೇಲೆ ೬ ಅಡಿ, ಮತ್ತೊಂದರ ಮೇಲೆ ೮ ಅಡಿ ಗುರುತು ಮಾಡಿ, ಗುರುತುಗಳ ನಡುವೆ ಸರಿಯಾಗಿ ೧೦ ಅಡಿ ಬರುವಂತೆ ದಾರವನ್ನು ಸರಿಸಿದರಾಯಿತು. ಕೊನೆಗೆ ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕರ್ಣಗಳು ಸಮವಾಗಿ, ಸುಮಾರು ೧೫ ಅಡಿ ೭½ ಅಂಗುಲವಿರಬೇಕು. ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿದ ನನಗೆ ಅದರ ಉಪಯೋಗವನ್ನು ತೋರಿಸಿಕೊಟ್ಟವರು ಆ ಹೆಸರನ್ನು ಕೇಳದ ಒಬ್ಬ ವೃದ್ಧ ಮೇಸ್ತ್ರಿಗಳು.

ಗೋಡೆಗೆ ಸುಟ್ಟ ಇಟ್ಟಿಗೆಯೇ ಆಗಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗದವರು, ಮಣ್ಣಿಗೆ ನೂರಕ್ಕೆ ಸುಮಾರು ಏಳರಷ್ಟು ಸಿಮೆಂಟನ್ನು ಬೆರೆಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಬಳಕೆಗೆ ತಂದರು. ಅದನ್ನು ಸುಡಬೇಕಾಗಿಲ್ಲ, ನೀರುಣಿಸಿ ಹದಗೊಳಿಸಿದರೆ ಸಾಕು. ಗಾರೆಗೂ ಸಿಮೆಂಟೊಂದೇ ಗತಿಯಲ್ಲ. ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಸೇರಿಸಿದ ಸುರ್ಕಿ ಗಾರೆಯು ಕನ್ನಂಬಾಡಿಯ ಕಟ್ಟೆಯನ್ನೇ ಹಿಡಿದು ನಿಲ್ಲಿಸಿದೆ.

ನಾನು ಸುಟ್ಟ ಇಟ್ಟಿಗೆಯನ್ನೇ ತರಿಸಿದೆನು. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿಡಬೇಕು, ಇಲ್ಲವಾದರೆ ಅದು ಗಾರೆಯ ನೀರನ್ನು ಹೀರಿಬಿಡುವುದು. ಮೇಲಿನ ವರಸೆಯ ಸಂದು ಕೆಳಗಿನ ವರಸೆಯ ಸಂದಿನ ಮೇಲೆ ಬರಕೂಡದು. ಇಷ್ಟನ್ನೂ ಓದಿ ತಿಳಿದು ಒಂದು ಭಾನುವಾರ ಒಂದು ಗೋಡೆಯನ್ನು ೨ ಅಡಿ ಎತ್ತರಕ್ಕೆ ಎಬ್ಬಿಸಿದೆನು. ಪ್ರತಿ ವರಸೆಗೂ ತೂಕದ ಗುಂಡನ್ನು ಬಿಟ್ಟು ನೋಡಬೇಕೆಂಬುದನ್ನೂ ಓದಿದ್ದೆನು. ಆದರೆ ಕಣ್ಣಿನ ಅಂದಾಜನ್ನೇ ನಂಬಿದೆನು. ಸಂಜೆ ಮೇಸ್ತ್ರಿಗಳು ಬಂದು ಗುಂಡನ್ನು ಬಿಟ್ಟರು. ಗೋಡೆಯು ಮುಕ್ಕಾಲು ಅಂಗುಲ ಹೊರಕ್ಕೆ ವಾಲಿತ್ತು.

“ಗಿಲಾವಿನಲ್ಲಿ ಮುಚ್ಚಬಹುದಲ್ಲವೆ?” ಎಂದು ಕೇಳಿದೆನು.

“ಗಿಲಾವು ಕಣ್ಣಿಗೆ ಮುಚ್ಚೀತು ಸ್ವಾಮಿ, ತೂಕಕ್ಕೆ ಮುಚ್ಚೀತೆ? ಗಾರೆ ಹಸಿಯಾಗಿರುವಾಗಲೇ ಕೆಡವಿದರೆ ಇಟ್ಟಿಗೆಯಾದರೂ ಉಳಿದೀತು” ಎಂದರು.

ಇಪ್ಪತ್ತು ವರ್ಷಗಳಿಂದ ಇತರರ ಉತ್ತರಪತ್ರಿಕೆಗಳ ಮೇಲೆ ಕೆಂಪು ಗೆರೆಯನ್ನೆಳೆದವನು ನಾನು. ನನ್ನ ಉತ್ತರವನ್ನು ತಪ್ಪೆಂದು ಹೇಳಿದವರು ಆ ಅವಧಿಯಲ್ಲಿ ಯಾರೂ ಇರಲಿಲ್ಲ. ಮಾತಿನಲ್ಲಾದ ತಪ್ಪನ್ನು ಮತ್ತೊಂದು ಮಾತಿನಿಂದ ಸಮರ್ಥಿಸಿಕೊಳ್ಳಬಹುದು. ಗೋಡೆಯ ಮುಂದೆ ಆ ವಾದವು ನಡೆಯುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಷ್ಟನ್ನೂ ಕೆಡವಿ, ಇಟ್ಟಿಗೆಗಳನ್ನು ತೊಳೆದು ಜೋಡಿಸಿದೆನು. ನಾಚಿಕೆಯಾಯಿತೆಂಬುದು ನಿಜ, ಆದರೆ ಆ ರಾತ್ರಿ ಬಂದಷ್ಟು ಒಳ್ಳೆಯ ನಿದ್ರೆ ಬಹುದಿನಗಳಿಂದ ಬಂದಿರಲಿಲ್ಲ. ಮರುವಾರ ವರಸೆಗೊಮ್ಮೆ ಗುಂಡನ್ನು ಬಿಟ್ಟೆನು. ಕೆಲಸ ಅರ್ಧದಷ್ಟೇ ಸಾಗಿತು, ಆದರೆ ನಿಂತಿತು. ಬಳಿಕ ಏಳು ದಿನವಾದರೂ ಗೋಡೆಗೆ ನೀರುಣಿಸುವುದನ್ನು ಮರೆಯಬಾರದು.

ಛಾವಣಿಗೆ ಮಂಗಳೂರು ಹೆಂಚು ನಮ್ಮ ಹವೆಗೆ ಒಪ್ಪುವುದು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಈ ಹೆಂಚು ನಾಡಿನ ಮನೆಗಳ ಮೇಲೇರಿದೆ. ೨ ಅಡಿ ಅಗಲಕ್ಕೆ ೧ ಅಡಿಗಿಂತ ಕಡಮೆಯಿಲ್ಲದ ಇಳಿಜಾರು ಇರಲಿ. ರೀಪುಗಳ ಅಂತರವನ್ನು ಪುಸ್ತಕವನ್ನು ನೋಡಿ ನಿರ್ಧರಿಸದೆ, ನೀವು ಕೊಂಡ ಹೆಂಚುಗಳನ್ನೇ ಇಟ್ಟು ಅಳೆಯಿರಿ.

ಬೆಳಕಿನ ವಿಷಯದಲ್ಲಿಯೂ ಪುಸ್ತಕವು ನಮ್ಮನ್ನು ದಾರಿ ತಪ್ಪಿಸುವುದುಂಟು. ಬಿಸಿಲು ಬೀಳದೆ ಸಮವಾದ ಬೆಳಕು ಬರಬೇಕಾದರೆ ಕಿಟಕಿಯನ್ನು ಉತ್ತರಕ್ಕೆ ಇಡಿರೆಂದು ಇಂಗ್ಲಿಷ್ ಕೈಪಿಡಿಗಳು ಹೇಳುತ್ತವೆ. ಆದರೆ ಮೈಸೂರು ಇರುವುದು ೧೨ ಡಿಗ್ರಿಗೆ ತುಸು ಹೆಚ್ಚಾದ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವೇಳೆಗೆ ನಡುಹಗಲಿನ ಸೂರ್ಯನು ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದು, ಆಗಸ್ಟ್ ಮಧ್ಯದವರೆಗೂ ಅಲ್ಲಿಯೇ ಇರುವನು. ಆದಕಾರಣ ಸೂರನ್ನು ೨ ಅಡಿ ಮುಂದಕ್ಕೆ ಚಾಚಿ, ಬೆಳಗಿನ ಓರೆ ಬಿಸಿಲಿಗೆ ಒಂದು ಬಿದಿರಿನ ತಟ್ಟಿಯನ್ನು ಕಟ್ಟಬೇಕು.

ಎಲ್ಲವನ್ನೂ ತಾನೇ ಮಾಡುವೆನೆಂಬ ಹಟವೂ ಸಲ್ಲದು. ವಿದ್ಯುತ್ತಿನ ತಂತಿಯನ್ನು ಬಲ್ಲವರೇ ಎಳೆಯಲಿ. ತೊಲೆಯನ್ನೇರಿಸುವ ದಿನ ನಾಲ್ಕು ಜನ ಬರಲಿ. ಲೆಕ್ಕ ಹಾಕಿದರೆ ನನಗೆ ಹಣದ ಉಳಿತಾಯವು ಹೆಚ್ಚೇನೂ ಆಗಲಿಲ್ಲ. ಆದರೆ ಇಂದು ಕೂಲಿ ಕೊಡುವಾಗ, ಆ ಹಣವು ಯಾವ ವಿದ್ಯೆಗೆ ಸಲ್ಲುತ್ತಿದೆಯೆಂಬುದನ್ನು ಬಲ್ಲೆನು; ಮೊದಲಿನಂತೆ ಚೌಕಾಶಿ ಮಾಡಲು ನಾಲಗೆ ಏಳದು.

ಆ ಮುರಿದ ಕುರ್ಚಿಯ ಕಾಲನ್ನು ಹೊಸ ಮನೆಯಲ್ಲಿ ಜೋಡಿಸಿಯಾಯಿತು. ಅದು ಈಗಲೂ ಕೊಂಚ ಅಲುಗುತ್ತದೆ. ಮುಂದಿನ ಭಾನುವಾರ ಬಿಚ್ಚಿ ಮತ್ತೆ ಜೋಡಿಸಬೇಕೆಂದಿದ್ದೇನೆ.