‘ಶ್ವೇತಸಿಂಹಿಣಿ’: ಸ್ವೀಡನ್ನಿನ ಒಂದು ಪತ್ತೇದಾರಿ ಕಾದಂಬರಿ

ಪತ್ತೇದಾರಿ ಕಾದಂಬರಿಯೆಂದರೆ ಪಂಡಿತರು ಮೂಗು ಮುರಿಯುವುದುಂಟು. ಪಠ್ಯಪುಸ್ತಕದ ಮರೆಯಲ್ಲಿ ಅದನ್ನಿಟ್ಟು ಓದುವ ಹುಡುಗರನ್ನು ಗದರಿಸುವ ಉಪಾಧ್ಯಾಯವರ್ಗಕ್ಕೆ ಸೇರಿದವನೇ ನಾನೂ. ‘ಕೊಂದವರಾರು?’ ಎಂಬ ಒಂದು ಪ್ರಶ್ನೆಗೆ ಉತ್ತರ ದೊರೆತೊಡನೆ, ರಸ ಹೀರಿದ ಕಬ್ಬಿನ ಸಿಪ್ಪೆಯಂತೆ ಬಿಸುಡಬೇಕಾದ ಪುಸ್ತಕಗಳು ಅವು ಎಂಬುದು ನಮ್ಮ ಆಕ್ಷೇಪಣೆ. ಈ ಆಕ್ಷೇಪಣೆಗೆ ಸಿಕ್ಕದ ಪತ್ತೇದಾರಿ ಕಾದಂಬರಿಗಳೂ ಇವೆ. ಅಂಥದೊಂದನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಭಾಷಣದ ಉದ್ದೇಶ.

ಕಾದಂಬರಿಯ ಹೆಸರು ‘ಶ್ವೇತಸಿಂಹಿಣಿ’. ಸ್ವೀಡಿಷ್ ಭಾಷೆಯಲ್ಲಿ ಪ್ರಕಟವಾದದ್ದು 1993ರಲ್ಲಿ. ಬರೆದವರು ಹೆನ್ನಿಂಗ್ ಮಾನ್‌ಕೆಲ್. 1948ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಈತ ಬಾಳಿನ ಬಹುಭಾಗವನ್ನು ಸ್ವೀಡನ್ನಿಗೂ ಆಫ್ರಿಕಕ್ಕೂ ಹಂಚಿದವರು. ಮೊಜಾಂಬಿಕ್ ದೇಶದ ಮಪುಟೊ ನಗರದಲ್ಲಿ ಹಲವು ವರ್ಷ ನಾಟಕಶಾಲೆಯೊಂದನ್ನು ನಡೆಸಿದವರು. ಹಿಮದಲ್ಲೊಂದು ಕಾಲು, ಮರಳಲ್ಲೊಂದು ಕಾಲು ಇಟ್ಟು ನಿಂತ ಈ ಬರಹಗಾರರಿಗೆ ಎರಡು ಖಂಡಗಳೂ ಒಂದೇ ಲೋಕದ ಎರಡು ಅಂಗಳಗಳಾಗಿ ಕಂಡವು.

ಕಥೆ ಮೊದಲಾಗುವುದು ತೀರ ಸಾಮಾನ್ಯ ಸಂಗತಿಯಿಂದ. 1992ರ ಏಪ್ರಿಲ್ ತಿಂಗಳು. ಸ್ವೀಡನ್ನಿನ ದಕ್ಷಿಣ ತೀರದಲ್ಲಿ ಈಸ್ಟಾಡ್ ಎಂಬ ಸಣ್ಣ ಊರು. ಅಲ್ಲಿ ಮನೆಗಳ ಮಾರಾಟದ ದಲ್ಲಾಳಿ ಕೆಲಸ ಮಾಡುವ ಲೂಯಿಸ್ ಎಂಬ ಗೃಹಿಣಿ, ಇಬ್ಬರು ಹೆಣ್ಣುಮಕ್ಕಳ ತಾಯಿ, ದೈವಭಕ್ತೆ. ಒಂದು ಶುಕ್ರವಾರ ಮಾರಾಟಕ್ಕಿರುವ ಮನೆಯೊಂದನ್ನು ನೋಡಲು ಹೊರಟವಳು ಹಳ್ಳಿಯ ಹಾದಿಯಲ್ಲಿ ದಾರಿ ತಪ್ಪುತ್ತಾಳೆ. ದಾರಿ ಕೇಳಲು ತೋಟದ ಮನೆಯೊಂದರ ಅಂಗಳಕ್ಕೆ ಕಾಲಿಡುತ್ತಾಳೆ. ಅಷ್ಟೇ ಆಕೆ ಮಾಡಿದ್ದು. ದಿನಗಳ ಮೇಲೆ ಆಕೆಯ ದೇಹ ಬಾವಿಯಲ್ಲಿ ದೊರೆಯುತ್ತದೆ. ಹಣೆಯಲ್ಲಿ ಗುಂಡಿನ ಗಾಯ. ಸಮೀಪದಲ್ಲೇ ಸ್ಫೋಟಗೊಂಡು ಸುಟ್ಟ ಮನೆಯೊಂದರ ಬಳಿ ಕಪ್ಪು ಜನಾಂಗದವನೊಬ್ಬನ ಕತ್ತರಿಸಿದ ಬೆರಳು ಸಿಕ್ಕುತ್ತದೆ. ಪೊಲೀಸ್ ಅಧಿಕಾರಿ ಕುರ್ಟ್ ವಾಲಾಂಡರ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಈ ಗೃಹಿಣಿಗೂ ಆ ಬೆರಳಿಗೂ ಎತ್ತಣಿಂದೆತ್ತಣ ಸಂಬಂಧ?

ಸಂಬಂಧದ ಬೇರು ದಕ್ಷಿಣ ಆಫ್ರಿಕದಲ್ಲಿದೆ. ನೆಲ್ಸನ್ ಮಂಡೇಲಾ 1990ರ ಫೆಬ್ರವರಿಯಲ್ಲಿ ಸೆರೆಯಿಂದ ಬಿಡುಗಡೆಯಾಗಿದ್ದರು. 1992ರ ಮಾರ್ಚಿಯಲ್ಲಿ ಅಲ್ಲಿಯ ಬಿಳಿಯ ಮತದಾರರೇ ಬಹುಮತದಿಂದ ಸುಧಾರಣೆಗೆ ಒಪ್ಪಿಗೆ ಕೊಟ್ಟಿದ್ದರು. ವರ್ಣಭೇದದ ಆಳ್ವಿಕೆ ಕುಸಿಯುವುದನ್ನು ಸಹಿಸದ ಕೆಲವರು, ಕಾದಂಬರಿಯಲ್ಲಿ, ಮಂಡೇಲಾರನ್ನು ಕೊಲ್ಲಿಸಲು ಒಳಸಂಚು ಹೂಡುತ್ತಾರೆ. ಕೊಲ್ಲುವ ಕೈ ಕಪ್ಪು ಮನುಷ್ಯನದೇ ಆಗಿರಬೇಕು. ಅವನಿಗೆ ಶಿಕ್ಷಣ ಕೊಡುವವನು ಕೊನೊವಲೆಂಕೊ. ಸೋವಿಯತ್ ಗೂಢಚಾರ ಸಂಸ್ಥೆಯಲ್ಲಿದ್ದವನು, 1991ರಲ್ಲಿ ಆ ಒಕ್ಕೂಟ ಒಡೆದ ಬಳಿಕ ಒಡೆಯನಿಲ್ಲದವನು. ಶಿಕ್ಷಣದ ಸ್ಥಳ, ಯಾರಿಗೂ ಸಂಶಯ ಬಾರದ ಈಸ್ಟಾಡಿನ ಹೊಲಗಳ ನಡುವಣ ಒಂಟಿಮನೆ. ಒಂದು ಕಾಲಕ್ಕೆ ಪರಸ್ಪರ ಬದ್ಧದ್ವೇಷಿಗಳಾಗಿದ್ದ ಎರಡು ವ್ಯವಸ್ಥೆಗಳ ಸೇವಕರು ಇಲ್ಲಿ ಕೈಜೋಡಿಸುತ್ತಾರೆ. ಸಿದ್ಧಾಂತ ಸತ್ತ ಮೇಲೂ ಕೊಲ್ಲುವ ವಿದ್ಯೆ ಉಳಿದು ಕೂಲಿಗೆ ನಿಲ್ಲುತ್ತದೆ ಎಂಬ ಮಾತನ್ನು ಕಾದಂಬರಿಕಾರರು ಬಾಯಿಬಿಟ್ಟು ಹೇಳದೆಯೇ ಕಾಣಿಸುತ್ತಾರೆ.

ಸ್ವೀಡನ್ನನ್ನೂ ದಕ್ಷಿಣ ಆಫ್ರಿಕವನ್ನೂ ಹೀಗೆ ಕಟ್ಟಿಹಾಕಿದ್ದು ಬರಿಯ ಕಲ್ಪನೆಯೆ? ಅಲ್ಲ. ಸ್ವೀಡನ್ನಿನ ಪ್ರಧಾನಿ ಉಲೋಫ್ ಪಾಲ್ಮೆ 1986ರ ಫೆಬ್ರವರಿ 21ರಂದು ಸ್ಟಾಕ್‌ಹೋಮಿನಲ್ಲಿ ವರ್ಣಭೇದವನ್ನು ಖಂಡಿಸಿ ಮಾತನಾಡಿದರು. ಏಳು ದಿನ ಕಳೆದು, ಅದೇ ನಗರದ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ದಕ್ಷಿಣ ಆಫ್ರಿಕದ ಕೈವಾಡವೆಂಬ ಸಂಶಯವೂ ಹಲವು ಸಂಶಯಗಳಲ್ಲಿ ಒಂದಾಗಿತ್ತು, ಅದು ಸಿದ್ಧವಾಗಲಿಲ್ಲ. 2020ರಲ್ಲಿ, ಆರೋಪಿಸಬಹುದಾಗಿದ್ದ ವ್ಯಕ್ತಿ ತೀರಿಹೋಗಿದ್ದಾನೆಂದು ಹೇಳಿ ವಿಚಾರಣೆಯನ್ನು ಮುಚ್ಚಲಾಯಿತು. ಪ್ರಧಾನಿಯ ಕೊಲೆಗೆ ಉತ್ತರ ಕಾಣದ ನಾಡಿನ ಕಳವಳ ಈ ಕಾದಂಬರಿಯ ಹಿನ್ನೆಲೆಯಲ್ಲಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಂಡೇಲಾ 1994ರಲ್ಲಿ ಅಧ್ಯಕ್ಷರಾದರೆಂದು ಬಲ್ಲ ವಾಚಕನಿಗೆ ಈ ಕಥೆಯಲ್ಲಿ ಕುತೂಹಲವೆಲ್ಲಿಯದು? ರನ್ನನ ‘ಗದಾಯುದ್ಧ’ವನ್ನು ಓದುವವನಿಗೂ ದುರ್ಯೋಧನನ ತೊಡೆ ಮುರಿಯುವುದು ಮೊದಲೇ ಗೊತ್ತು. ಗೊತ್ತಿದ್ದೂ ಓದುತ್ತಾನೆ, ಏನಾಯಿತು ಎಂಬುದಕ್ಕಲ್ಲ, ಆಗುವಾಗ ಮನುಷ್ಯರು ಹೇಗೆ ನಡೆದುಕೊಂಡರು ಎಂಬುದಕ್ಕೆ. ಮಾನ್‌ಕೆಲ್ಲರ ಕಣ್ಣೂ ಅಲ್ಲೇ ನೆಟ್ಟಿದೆ. ಮಹಾಪುರುಷನ ಪ್ರಾಣ ತೂಗುಯ್ಯಾಲೆಯಲ್ಲಿರುವಾಗಲೂ ವಾಲಾಂಡರನ ಮನಸ್ಸು ಬಾವಿಯಲ್ಲಿ ಬಿದ್ದ ಗೃಹಿಣಿಯನ್ನು ಬಿಟ್ಟು ಕದಲುವುದಿಲ್ಲ. ಸಂಚುಗಾರರ ಲೆಕ್ಕದಲ್ಲಿ ಆಕೆ ಒಂದು ಅಡಚಣೆ. ಆತನ ಲೆಕ್ಕದಲ್ಲಿ ಒಂದು ಜೀವ. ಕೊಲೆಗಾರನಾಗಲು ಬಂದ ವಿಕ್ಟರ್ ಮಬಾಷಾ ಕೂಡ ಆ ಹೆಂಗಸನ್ನು ಕೊಂದದ್ದಕ್ಕೆ ಸಿಡಿದು ನಿಲ್ಲುತ್ತಾನೆ. ಸಂಚಿನ ಹೊಲಿಗೆ ಬಿಚ್ಚತೊಡಗುವುದು ಅಲ್ಲಿಂದಲೇ. ಹೀಗಾಗಿ ಇದರ ಅಂಗಿರಸ ಅದ್ಭುತವಲ್ಲ, ಕರುಣ.

ಪತ್ತೇದಾರನೂ ವಜ್ರಕಾಯನಲ್ಲ. ನಿದ್ರೆಗೆಟ್ಟ, ಹೆಂಡತಿಯಿಂದ ಬೇರೆಯಾದ, ಮಗಳಿಗಾಗಿ ಹೆದರುವ ನಡುವಯಸ್ಸಿನ ಮನುಷ್ಯ. ಕರ್ತವ್ಯದ ನಡುವೆ ಒಬ್ಬನನ್ನು ಕೊಲ್ಲಬೇಕಾಗಿ ಬಂದಾಗ ಆತನಿಗೆ ಜಯದ ಸಂತೋಷವಿಲ್ಲ, ಮನಸ್ಸೇ ಮುರಿದುಬೀಳುತ್ತದೆ. 1994ರಲ್ಲಿ ಬಂದ ಮುಂದಿನ ಕಾದಂಬರಿಯ ಆರಂಭದಲ್ಲಿಯೂ ಆತ ರಜೆಯಲ್ಲೇ ಇದ್ದು, ಕೆಲಸ ಬಿಡುವ ಯೋಚನೆಯಲ್ಲಿ ಡೆನ್ಮಾರ್ಕಿನ ಕಡಲತೀರದಲ್ಲಿ ಅಲೆಯುತ್ತಿರುತ್ತಾನೆ. ದುಷ್ಟನನ್ನು ಕೊಂದರೂ ಕೊಂದವನ ಕೈಗೆ ಹತ್ತಿದ ಕಲೆ ಹೋಗದು.

ದೋಷಗಳಿಲ್ಲವೆಂದಲ್ಲ. ಕಥೆ ದೀರ್ಘವಾಯಿತು. ಪೊಲೀಸ್ ಅಧಿಕಾರಿಯೊಬ್ಬನು ತಲೆಮರೆಸಿಕೊಂಡವನನ್ನು ಸಹೋದ್ಯೋಗಿಗಳಿಗೂ ತಿಳಿಸದೆ ಬಚ್ಚಿಡುವುದು ಔಚಿತ್ಯವನ್ನು ಮೀರುತ್ತದೆ. ಆದರೂ ಗುಣದ ತಕ್ಕಡಿಯೇ ತಗ್ಗಿದೆ. 1993ರ ಏಪ್ರಿಲಿನಲ್ಲಿ ಮಂಡೇಲಾರ ಜೊತೆಗಾರ ಕ್ರಿಸ್ ಹಾನಿಯವರನ್ನು ಅವರ ಮನೆಯ ಮುಂದೆಯೇ ಪೋಲೆಂಡಿನಿಂದ ವಲಸೆ ಬಂದವನೊಬ್ಬನು ಗುಂಡಿಟ್ಟು ಕೊಂದನೆಂಬುದನ್ನು ನೆನೆದರೆ, ಮಾನ್‌ಕೆಲ್ಲರ ಕಲ್ಪನೆ ನಿಜದಿಂದ ಎಷ್ಟೂ ದೂರವಿರಲಿಲ್ಲವೆಂದು ತಿಳಿಯುತ್ತದೆ.

ಲಾರಿ ಥಾಮ್ಸನ್ ಅವರ ಇಂಗ್ಲಿಷ್ ಅನುವಾದ 1998ರಲ್ಲಿ ಪ್ರಕಟವಾಗಿದೆ. ಇಂಗ್ಲಿಷ್ ಬಲ್ಲವರು ಅದನ್ನು ಓದಬೇಕು. ಲೋಕದ ಯಾವುದೋ ಮೂಲೆಯ ಅನ್ಯಾಯ ನಮಗೆ ಸಂಬಂಧಿಸಿದ್ದಲ್ಲವೆಂದು ಬಾಗಿಲು ಹಾಕಿ ಮಲಗುವವರು ಮುಖ್ಯವಾಗಿ ಓದಬೇಕು. ಈಸ್ಟಾಡಿನವರೂ ಹಾಗೆಯೇ ಮಲಗಿದ್ದರು. ಅವರ ಊರಿನ ತಾಯಿಯೊಬ್ಬಳು ದಾರಿ ಕೇಳಲು ಹೋಗಿ ಮರಳಲಿಲ್ಲ.