ಆದವಾನಿ ಸೀಮೆಯ ಅಂತರ್ಜಲ: ಏರುವ ಲೆಕ್ಕ, ಇಳಿಯುವ ಲೆಕ್ಕ



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ನೆಲದಡಿಯ ಬಂಡೆಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಗಡಿಯ ಆಚೆಗೂ ಈಚೆಗೂ ಅದೇ ಗ್ರಾನೈಟು, ಅದೇ ನೈಸ್ ಶಿಲೆ, ಅದೇ ಹಗರಿ ಹೊಳೆ. ಹಾಗಾಗಿ ಇಂದು ನಾನು ಹೇಳುವುದು ಬಳ್ಳಾರಿಯವರಿಗೂ ಅಷ್ಟೇ ಸಲ್ಲುತ್ತದೆ.

ನಮ್ಮಲ್ಲಿ ಬೋರು ಕೊರೆಸುವಾಗ ಲಾರಿಯ ಪಕ್ಕ ನಿಂತು ನೋಡಿ. ಮೊದಲು ಎರೆಮಣ್ಣು, ಆಮೇಲೆ ಸುಣ್ಣದ ಹರಳು ಬೆರೆತ ಮಣ್ಣು, ಅದರಡಿ ಗರಸು, ಅಂದರೆ ಶಿಥಿಲವಾಗಿ ಸಡಿಲಗೊಂಡ ಬಂಡೆ. ಕೇಸಿಂಗ್ ಪೈಪು ಗರಸು ಮುಗಿಯುವಲ್ಲಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬರುವುದು ಬೂದುಬಣ್ಣದ ಕಲ್ಲುಪುಡಿ. ಸೀಳು ಸಿಕ್ಕರೆ ಆ ಪುಡಿ ಒದ್ದೆಯಾಗಿ ಚಿಮ್ಮುತ್ತದೆ, ‘ನೀರು ಬಿತ್ತು’ ಅನ್ನುತ್ತಾರೆ. ಗಟ್ಟಿ ಬಂಡೆಗೆ ನೀರು ಹಿಡಿಯುವ ಗುಣವಿಲ್ಲ. ನೀರಿರುವುದು ಮುಖ್ಯವಾಗಿ ಗರಸಿನಲ್ಲಿ, ಸೀಳುಗಳಿಗೆ ಅದು ಇಳಿಯುವುದೂ ಅಲ್ಲಿಂದಲೇ. ಆಳಕ್ಕೆ ಹೋದಷ್ಟೂ ಬತ್ತದ ಪಾತಾಳಗಂಗೆ ಸಿಗುತ್ತದೆ ಎಂಬ ಮಾತು ನಂಬಿ, ಕೊರೆಸಿ ಕೊರೆಸಿ ಹಾಳಾದ ಸಂಸಾರಗಳನ್ನು ನೀವೂ ಕಂಡಿದ್ದೀರಿ.

ಈಗ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 600 ಮಿ.ಮೀ. ಮಳೆ ಬಿತ್ತೆನ್ನಿ. ಇಂಥ ನೆಲದಲ್ಲಿ ನೂರಕ್ಕೆ 8 ಪಾಲು ಕೆಳಗಿಳಿದರೆ 48 ಮಿ.ಮೀ. ಆಯಿತು. ಇಷ್ಟೇನಾ ಅನ್ನಿಸಬಹುದು. ಆದರೆ ಗರಸು ಬಿಟ್ಟುಕೊಡುವ ನೀರು ಅದರ ಗಾತ್ರದ ನೂರಕ್ಕೆ ಎರಡರಷ್ಟು ಮಾತ್ರ. ಆದ್ದರಿಂದ 48 ಮಿ.ಮೀ. ನೀರು ಬಾವಿಯ ಮಟ್ಟವನ್ನು 2.4 ಮೀಟರು, ಸುಮಾರು ಎಂಟು ಅಡಿ, ಮೇಲೆತ್ತುತ್ತದೆ. ಒಂದು ಒಳ್ಳೆಯ ಮಳೆಗೆ ಬಾವಿ ತುಂಬಿದಂತೆ ಕಾಣುವುದು ಇದರಿಂದಲೇ, ಯುಗಾದಿಗೆ ಮುಂಚೆ ತಳ ಕಾಣುವುದೂ ಇದರಿಂದಲೇ. ಭತ್ತಕ್ಕೆ 1,200 ಮಿ.ಮೀ. ನೀರು ಬೇಕು. ಅಂದರೆ ಒಂದು ಎಕರೆ ಭತ್ತ 25 ಎಕರೆಯಲ್ಲಿ ಇಂಗಿದ ನೀರನ್ನು ಮೇಲಕ್ಕೆ ಎಳೆಸುತ್ತದೆ. ಗದ್ದೆಯಿಂದ ಅರ್ಧ ಮತ್ತೆ ಇಂಗಿತೆಂದೇ ಇಟ್ಟುಕೊಳ್ಳಿ, ಆಗಲೂ ಹನ್ನೆರಡೂವರೆ ಎಕರೆಯ ಪಾಲು ಹೋಯಿತು. ಎರೆಯ ಹಸಿಯಲ್ಲೇ ಬೆಳೆಯುವ ಹಿಂಗಾರಿ ಜೋಳ ಬಾವಿಯಿಂದ ಒಂದು ಕೊಡವನ್ನೂ ಕೇಳುವುದಿಲ್ಲ.

ಎರೆ ಹೊಲದ ಸ್ವಭಾವ ಬೇರೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದ ಜೋರು ಮಳೆಯಲ್ಲಿ ಬಹುಪಾಲು ಕಪ್ಪಗೆ ಹಳ್ಳ ಸೇರುತ್ತದೆ. ಕೆಂಪು ಮಸಾರಿ ಮಣ್ಣಿನಲ್ಲಿ ಹಾಗಲ್ಲ, ನೀರು ಇಂಗುತ್ತದೆ. ಆದ್ದರಿಂದ ಇಂಗುಕೆರೆ, ಚೆಕ್‌ಡ್ಯಾಂ ಕಟ್ಟಬೇಕಾದದ್ದು ಗುಡ್ಡದ ಬುಡದ ಮಸಾರಿಯಲ್ಲಿ, ಹಳ್ಳದ ಮರಳಿನಲ್ಲಿ. ಎರೆಯಲ್ಲಿ ತೋಡಿದ ಕೃಷಿಹೊಂಡ ಒಂದು ಸರ್ತಿ ನೀರು ಹಾಯಿಸಲು ಬಂದೀತು, ಅಂತರ್ಜಲಕ್ಕೆ ಅದರಿಂದ ಲಾಭ ಅತ್ಯಲ್ಪ. ಲೆಕ್ಕ ತೋರಿಸಲು ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ.

ಕಪಿಲೆಯ ಕಾಲದಲ್ಲಿ ಎತ್ತು ದಣಿದರೆ ನೀರೆತ್ತುವುದು ನಿಲ್ಲುತ್ತಿತ್ತು. ತಳ ಕಂಡರೆ ಒರತೆ ಬರುವವರೆಗೆ ಕಾಯಬೇಕಿತ್ತು. ಸಬ್‌ಮರ್ಸಿಬಲ್ ಬಂತು, 2004ರಲ್ಲಿ ಆಂಧ್ರದಲ್ಲಿ ಕೃಷಿಗೆ ಕರೆಂಟು ಉಚಿತವಾಯಿತು, ಕಾಯುವ ಪ್ರಮೇಯವೇ ಹೋಯಿತು. ರೈತನಿಗೆ ಆ ಕರೆಂಟು ಬೇಡ ಎನ್ನುವವನು ನಾನಲ್ಲ. ಹತ್ತಿಯ ದರ ನೋಡಿದವರು ಹಾಗೆ ಹೇಳಲಾರರು. ಆದರೆ ಬೋರನ್ನು ಇನ್ನೂ ಇನ್ನೂರು ಅಡಿ ಇಳಿಸಿದವರು ಹೊಸ ನೀರು ತಂದಂತಲ್ಲ. ಪಕ್ಕದ ಹೊಲದವರ ಗರಸನ್ನೇ ಬೇಗ ಬರಿದು ಮಾಡುತ್ತಾರೆ. ಆಳದ ನೀರು ಕಲ್ಲಿನೊಡನೆ ಬಹುಕಾಲ ಇದ್ದದ್ದಾದ್ದರಿಂದ ಫ್ಲೋರೈಡೂ ಹೆಚ್ಚಿರಬಹುದು.

ಇನ್ನು ತುಂಗಭದ್ರೆಯ ಕೆಳಮಟ್ಟದ ಕಾಲುವೆ. ಅದರ ನೀರು ಹರಿದು ಸೋರುವ ಕಡೆ ಬಾವಿಗಳು ಏರಿದವು. ತಗ್ಗಿನಲ್ಲಿ ಜೌಗೂ ಸವುಳೂ ಬಂತು. ಕಾಲುವೆಗಿಂತ ಎತ್ತರದ ಊರುಗಳಿಗೆ ಆ ಭಾಗ್ಯ ಇಲ್ಲ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಕೊನೆಯಂಚಿನವರಿಗೆ ಪಾಳಿ ತಪ್ಪಿದರೆ ಅವರು ಬೋರಿನ ಗುಂಡಿ ಒತ್ತುತ್ತಾರೆ. ಸೋರಿ ಇಂಗುವುದು ಕಡಿಮೆ, ಎತ್ತುವುದು ಹೆಚ್ಚು, ಎರಡೂ ಒಂದೇ ವರ್ಷ.

ಇದನ್ನೆಲ್ಲ ರೈತರೇ ಅಳೆದದ್ದುಂಟು. 2003ರಿಂದ ಕೆಲವು ವರ್ಷ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ, ಕರ್ನೂಲು ಸೇರಿ ಏಳು ಜಿಲ್ಲೆಗಳಲ್ಲಿ ರೈತರು ಮಳೆಮಾಪಕ ನೋಡಿದರು, ಬಾವಿಗೆ ಟೇಪು ಇಳಿಸಿದರು. ಮುಂಗಾರು ಮುಗಿದ ಮೇಲೆ ಹಳ್ಳದ ಪಾತ್ರದ ಊರುಗಳವರೆಲ್ಲ ಕೂತು, ಇರುವ ನೀರೆಷ್ಟು, ಹಾಕಬೇಕೆಂದಿರುವ ಬೆಳೆಗೆ ಬೇಕಾದ್ದೆಷ್ಟು ಎಂದು ಗೋಡೆಯ ಮೇಲೆ ಬರೆದರು. ಯಾರೂ ಯಾರ ಮೇಲೂ ಏನನ್ನೂ ಹೇರಲಿಲ್ಲ. ಅಂಕಿ ನೋಡಿ ಹಲವರು ತಾವಾಗಿ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೊರಳಿದರು.

ನಮ್ಮ ಊರುಗಳಲ್ಲಿ ಅದನ್ನು ಶುರುಮಾಡಲು ದೊಡ್ಡ ದುಡ್ಡು ಬೇಡ. ಒಂದು ಟೇಪು, ಒಂದು ನೋಟ್‌ಬುಕ್ಕು, ಹದಿನೈದು ದಿನಕ್ಕೊಮ್ಮೆ ಅದೇ ನಾಲ್ಕು ಬಾವಿ. ಅಳೆಯುವುದು ಮಾತ್ರ ಕರೆಂಟು ಬರುವ ಮುಂಚೆಯೇ ಆಗಬೇಕು. ಮೋಟಾರು ಓಡುವಾಗ ಅಳೆದರೆ ಆ ಬೋರಿನ ತಗ್ಗು ತಿಳಿಯುತ್ತದೆ, ಊರಿನ ಮಟ್ಟ ತಿಳಿಯುವುದಿಲ್ಲ.